ಎಲ್ಲವೂ ಉಷ್ಣವಲ್ಲ

ತುಟಿಯೊಳಗೆ, ನಾಲಿಗೆಯ ಅಂಚಿನಲ್ಲಿ ಮತ್ತೆ ಮತ್ತೆ ಏಳುವ ಹುಣ್ಣಿಗೆ ‘ಉಷ್ಣ’ವೆಂದು ಎಳನೀರು ಕುಡಿಯುತ್ತಿರುವುದಾಗಿ ಪತ್ರದಲ್ಲಿ ಬರೆದಿದ್ದೀರಿ. ಕುಡಿಯಿರಿ, ತಪ್ಪಿಲ್ಲ. ನಡುವೆ ಹಳದಿ ಬಿಳುಪು, ಸುತ್ತ ಕೆಂಪು ಉಂಗುರ, ಸಾರು ತಾಗಿದರೆ ಜೀವ ಹೋಗುವಷ್ಟು ಉರಿ: ಇದು ಸಾಮಾನ್ಯ ಬಾಯಿಹುಣ್ಣು. ನಿದ್ದೆಗೇಡು, ಚಿಂತೆ, ಕೆನ್ನೆ ಕಚ್ಚಿಕೊಳ್ಳುವುದು ಇದನ್ನು ಎಬ್ಬಿಸುತ್ತವೆ. 7ರಿಂದ 14 ದಿನದಲ್ಲಿ ಮಾಯುತ್ತದೆ. ವಿಟಮಿನ್ ಬಿ12 ಕೊರತೆಯಿಂದಲೂ ಪದೇ ಪದೇ ಬರಬಹುದಾದ್ದರಿಂದ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕನಕಪುರದ ಕಡೆಯ ಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಊಟವೇ. ಆದರೆ ರಾಗಿಯಲ್ಲಾಗಲಿ ಸೊಪ್ಪಿನಲ್ಲಾಗಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆಯೂ ಬೇಕು.

ನನ್ನನ್ನು ಕಾಡುತ್ತಿರುವುದು ನಿಮ್ಮ ತಾಯಿಯ ಬಗ್ಗೆ ಪತ್ರದ ಕೊನೆಯಲ್ಲಿ ಬರೆದ ಒಂದು ಸಾಲು. ಎಲೆಅಡಿಕೆ, ಹೊಗೆಸೊಪ್ಪು ಒತ್ತಿಕೊಳ್ಳುವ ದವಡೆಯಲ್ಲೇ ಒಂದೂವರೆ ತಿಂಗಳಿಂದ ಮಾಯದ ಗಾಯ, ನೋವೇ ಇಲ್ಲ ಎಂದಿದ್ದೀರಿ. ನೋವಿಲ್ಲವೆಂದು ಸಮಾಧಾನಪಟ್ಟುಕೊಳ್ಳಬೇಡಿ. ಮುರಿದ ಹಲ್ಲು ತಾಗಿಯೂ ಹೀಗಾಗಬಹುದು, ನಿಜ. ಆದರೂ ಮೂರು ವಾರ ದಾಟಿದ ಹುಣ್ಣು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಈ ವಾರವೇ ದಂತವೈದ್ಯರಿಗೆ ತೋರಿಸಿ. ಅವರು ಬರೆದುಕೊಟ್ಟರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡಬೇಡಿ. ಹೊಗೆಸೊಪ್ಪು, ಅಡಿಕೆ, ಸುಣ್ಣವನ್ನು ಇವತ್ತಿನಿಂದಲೇ ಬಿಡಿಸಿ. ಜೊತೆಗೆ ಕೂತು ಬಿಡಿಸಿ, ಗದರಬೇಡಿ.