ಸೋರಿಯಾಸಿಸ್ ಜೊತೆಗೆ ಬರುವ ಕಾಯಿಲೆಗಳು

ನಮ್ಮೂರುಗಳಲ್ಲಿ ಚರ್ಮದ ಮೇಲೆ ಏನೇ ಕಾಣಿಸಿದ್ರೂ ಹುಳುಕಡ್ಡಿ, ಇಸುಬು, ಕಜ್ಜಿ ಅಂತ ಯಾವುದೋ ಒಂದು ಹೆಸರಿಟ್ಟು ಮುಲಾಮು ಹಚ್ಚೋದು ರೂಢಿ. ಸೋರಿಯಾಸಿಸ್ ಇರೋರೂ ಅದೇ ಲೆಕ್ಕಕ್ಕೆ ಸೇರಿಬಿಡ್ತಾರೆ. ಆದರೆ ಇದು ಸೋಂಕಲ್ಲ, ರೂಮ್‌ಮೇಟ್‌ಗೆ ಅಂಟೋದೂ ಇಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಸುಮಾರು ಒಂದು ತಿಂಗಳಲ್ಲಿ ಬಲಿತು ಉದುರಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಬಿಳಿ ಹೊಪ್ಪಳೆಯಾಗಿ ನಿಲ್ಲುತ್ತವೆ.

ಈ ಗಲಾಟೆ ಚರ್ಮದಲ್ಲೇ ಮುಗಿಯಲ್ಲ ಅನ್ನೋದು ನಮಗೆ ಮುಖ್ಯ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಮುಂತಾದ ಉರಿಯೂತದ ಸಂಕೇತಗಳು ರಕ್ತದಲ್ಲೂ ಓಡಾಡ್ತವೆ. ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಬೀಳುತ್ತೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಹೊಟ್ಟೆಯ ಕೊಬ್ಬೂ ಇಂಥದೇ ಸಂಕೇತಗಳನ್ನ ಕಳಿಸೋದ್ರಿಂದ ಒಂದಕ್ಕೊಂದು ಕುಮ್ಮಕ್ಕು. ಎಂಜಿನಿಯರಿಂಗ್ ಓದಿದ ನಮ್ಮ ಭಾಷೆಯಲ್ಲಿ, ಒಂದು ಬಿಡಿಭಾಗ ಕೆಟ್ಟಿರೋದಲ್ಲ ಇದು, ಇಡೀ ವ್ಯವಸ್ಥೆಯ ಅಲಾರಂ ಆರದೆ ಹೊಡ್ಕೊಳ್ತಿರೋದು.

ನಾವಿರೋ ಮಲೇಷ್ಯಾದಲ್ಲಿ ಇದರ ಲೆಕ್ಕ ಚೆನ್ನಾಗಿ ಇಟ್ಟಿದಾರೆ. ಇಲ್ಲಿನ ಚರ್ಮವೈದ್ಯರು 2007ರಿಂದ ಸೋರಿಯಾಸಿಸ್ ರೋಗಿಗಳ ರಾಷ್ಟ್ರೀಯ ದಾಖಲಾತಿ ನಡೆಸ್ತಿದಾರೆ. ಅದರಲ್ಲಿರೋ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೂಕ ಜಾಸ್ತಿ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿಪಿ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೃದ್ರೋಗಗಳೂ ಪಟ್ಟಿಯಲ್ಲಿವೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು: 2019ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಪ್ರಕಾರ ಮಲೇಷ್ಯಾದ ವಯಸ್ಕರಲ್ಲೇ ಶೇ. 50.1 ಮಂದಿಗೆ ಅತಿತೂಕ ಅಥವಾ ಬೊಜ್ಜು, ಶೇ. 18.3 ಮಂದಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಎಲ್ಲವನ್ನೂ ಸೋರಿಯಾಸಿಸ್ ತಲೆಗೇ ಕಟ್ಟೋಕಾಗಲ್ಲ. ಆದರೆ ಬೇರೆ ದೇಶಗಳ ದೊಡ್ಡ ಅಧ್ಯಯನಗಳಲ್ಲೂ, ಚರ್ಮದ ಕಾಯಿಲೆ ತೀವ್ರವಾದಷ್ಟೂ ಹೃದಯಾಘಾತದ ಅಪಾಯ ಹೆಚ್ಚು, ಅದೂ ಚಿಕ್ಕ ವಯಸ್ಸಿನವರಲ್ಲಿ, ಅಂತ ಕಂಡುಬಂದಿದೆ.

ವಿದ್ಯಾರ್ಥಿಗಳು ತೀರಾ ಕಡೆಗಣಿಸೋದು ಕೀಲುಗಳನ್ನ. ಸೋರಿಯಾಸಿಸ್ ಇರೋರಲ್ಲಿ ಕೆಲವರಿಗೆ ಅದರದ್ದೇ ಸಂಧಿವಾತ ಬರುತ್ತೆ; ಬಹಳಷ್ಟು ಸಲ ಚರ್ಮದಲ್ಲಿ ಕಾಣಿಸಿಕೊಂಡ ಎಷ್ಟೋ ವರ್ಷಗಳ ಮೇಲೆ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆರಳು ಮಡಚೋಕಾಗದಿರೋದು, ಒಂದು ಬೆರಳು ಪೂರ್ತಿ ಊದೋದು, ಹಿಮ್ಮಡಿ ನೋವು, ವಿಶ್ರಾಂತಿಯಲ್ಲಿ ಹೆಚ್ಚಾಗಿ ಓಡಾಡಿದ್ರೆ ಕಡಿಮೆಯಾಗೋ ಬೆನ್ನುನೋವು ಇದರ ಸೂಚನೆಗಳು. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಿದ್ರಂತೂ ಇನ್ನೂ ಹುಷಾರು. ಹಾಸ್ಟೆಲ್ ಹಾಸಿಗೆ ಸರಿಯಿಲ್ಲ ಅಂತ ತಳ್ಳಿಹಾಕ್ತೀವಿ, ಅಷ್ಟರಲ್ಲಿ ಕೀಲು ಸವೆದ್ರೆ ವಾಪಸ್ ಬರಲ್ಲ.

ಮನಸ್ಸಿನ ವಿಷಯವೂ ಹಾಗೇ. ಈ ಸೆಕೆಯಲ್ಲಿ ತುಂಬುತೋಳು ಹಾಕ್ಕೊಂಡು, ಈಜುಕೊಳಕ್ಕೆ ಕರೆದ್ರೆ ನೆಪ ಹೇಳೋ ಗೆಳೆಯರಿಗೆ ಖಿನ್ನತೆ ಇರಬಹುದು. ಅದನ್ನೂ ವೈದ್ಯರಿಗೆ ಹೇಳೋ ಲಕ್ಷಣ ಅಂತಲೇ ತಿಳೀಬೇಕು.

ಹಾಗಾದ್ರೆ ಮಾಡೋದೇನು? ಕ್ಯಾಂಪಸ್ ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಬೇಕು. ಸೊಂಟದ ಸುತ್ತಳತೆ ಟೇಪ್ ಹಿಡಿದು ನಾವೇ ಅಳೀಬಹುದು: ನಮ್ಮಂಥ ಏಷ್ಯನ್ನರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ. ಕಂಡೆನ್ಸ್ಡ್ ಹಾಲಿನ ತೇ ತಾರಿಕ್ ದಿನಕ್ಕೆ ಮೂರು ಲೋಟ ಇಳಿಸೋರು ಇದನ್ನ ಮೊದಲು ಮಾಡಿ. ಬೊಜ್ಜಿದ್ದವರು ತೂಕ ಇಳಿಸಿದ್ರೆ ಚರ್ಮವೂ ಸುಧಾರಿಸುತ್ತೆ, ಸಿಗರೇಟ್ ಬಿಡೋದಂತೂ ಸೈ. ಯಾರೋ ಊರಿಂದ ಕಳಿಸಿದ ಸ್ಟೀರಾಯ್ಡ್ ಮಾತ್ರೆ ನುಂಗಿ ಏಕಾಏಕಿ ನಿಲ್ಲಿಸಿದ್ರೆ ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ಭುಗಿಲೇಳಬಹುದು. ವೈದ್ಯರ ಹತ್ರ ಹೋದಾಗ ಅಂಗಿ ತೋಳು ಮಡಚಿ ತೋರಿಸೋದರ ಜೊತೆಗೆ, ಬೆರಳು-ಬೆನ್ನಿನ ನೋವನ್ನೂ, ಮನೇಲಿ ಯಾರಿಗೆ ಸಕ್ಕರೆ, ಯಾರಿಗೆ ಹೃದಯದ ತೊಂದರೆ ಅನ್ನೋದನ್ನೂ ಹೇಳಿಬಿಡಿ. ಗೊತ್ತಿಲ್ಲದಿದ್ರೆ ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿ.