ಗೊರಕೆಯ ನಡುವೆ ಉಸಿರು ನಿಂತರೆ



ಹೊಟ್ಟೆ ಬಂದ ಯಜಮಾನರು ಜೋರಾಗಿ ಗೊರಕೆ ಹೊಡೆದರೆ ‘ದಣಿದು ಬಂದಾನ, ಮಲಗಲಿ ಬಿಡು’ ಎನ್ನುವುದು ನಮ್ಮ ಮನೆಗಳಲ್ಲಿ ರೂಢಿ. ಆದರೆ ಗೊರಕೆ ಒಮ್ಮೆಲೇ ನಿಂತು, ಹತ್ತಿಪ್ಪತ್ತು ಸೆಕೆಂಡು ಉಸಿರೇ ಇಲ್ಲದೆ, ಬಳಿಕ ಬೆಚ್ಚಿಬಿದ್ದಂತೆ ಮತ್ತೆ ಶುರುವಾದರೆ ಅದು ಒಳ್ಳೆಯ ನಿದ್ದೆಯಲ್ಲ. ವೈದ್ಯರು ಇದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ಕತ್ತಿನ ಕೊಬ್ಬು ಅದನ್ನು ಇನ್ನಷ್ಟು ಒತ್ತುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದ ಕೂಡಲೇ ಮಿದುಳು ಅನುವೇದನಾ ನರಗಳನ್ನು ಕೆರಳಿಸುತ್ತದೆ. ಹೊಲದಲ್ಲಿ ಹಾವು ಕಂಡಾಗ ಎದೆ ಡವಡವ ಎನ್ನಿಸುವ ನರಗಳೇ ಇವು. ರಕ್ತನಾಳ ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಕಾಯಿಲೆ ತೀವ್ರವಾಗಿದ್ದರೆ ಗಂಟೆಗೆ 30 ಸಲಕ್ಕೂ ಹೆಚ್ಚು ಹೀಗಾಗುತ್ತದೆ. ಇದು ರಾತ್ರಿಗೇ ಮುಗಿಯುವುದಿಲ್ಲ. 1995ರಲ್ಲಿ ಅಮೆರಿಕದಲ್ಲಿ ವಿರೆಂಡ್ ಸೋಮರ್ಸ್ ಮತ್ತು ಸಂಗಡಿಗರು ಇಂಥ ರೋಗಿಗಳ ಕಾಲಿನ ನರಕ್ಕೆ ಸಣ್ಣ ಸೂಜಿ ಚುಚ್ಚಿ ಅಳೆದಾಗ, ಹಗಲು ಎಚ್ಚರವಿರುವಾಗಲೂ ಆ ಕೆರಳಿಕೆ ಹೆಚ್ಚೇ ಇತ್ತು.

ಇನ್ನು ಮೆಟಬಾಲಿಕ್ ಸಿಂಡ್ರೋಮ್. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟುವುದು; ರಕ್ತದೊತ್ತಡ 130/85; ಖಾಲಿ ಹೊಟ್ಟೆಯ ಸಕ್ಕರೆ 100; ಟ್ರೈಗ್ಲಿಸರೈಡ್ 150; ಒಳ್ಳೆಯ ಕೊಲೆಸ್ಟರಾಲ್ ಕಡಿಮೆ. ಈ ಐದರಲ್ಲಿ ಮೂರು ಸೇರಿದರೆ ಆ ಹೆಸರು. ಇಂಥವರ ನರಗಳು ಮೊದಲೇ ಬಿಗಿದಿರುತ್ತವೆ. ಉಸಿರು ನಿಲ್ಲುವುದೂ ಕೂಡಿದರೆ ಯಕೃತ್ತು ಹೆಚ್ಚು ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಮೂರು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಇಳಿಯದವರು ಮಾತ್ರೆಯನ್ನೇ ಬೈಯುವ ಮೊದಲು ತಮ್ಮ ಗೊರಕೆಯ ವಿಷಯ ವೈದ್ಯರಿಗೆ ಹೇಳಬೇಕು.

ಜೂರಾಲ ಕಾಲುವೆಯ ಊರುಗಳಲ್ಲಿ ಭತ್ತ ಬಂತು, ಟ್ರ್ಯಾಕ್ಟರೂ ಬಂತು. ಅನ್ನ ಹೆಚ್ಚಿತು, ನಡಿಗೆ ಕಡಿಮೆಯಾಯಿತು. ರಾತ್ರಿ ನಿದ್ದೆ ಕೆಟ್ಟವನು ಹಗಲು ಟ್ರ್ಯಾಕ್ಟರ್ ಮೇಲೆಯೇ ತೂಕಡಿಸಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಸೇಂದಿ, ಸಾರಾಯಿ, ನಿದ್ದೆಗುಳಿಗೆ ಗಂಟಲನ್ನು ಇನ್ನೂ ಸಡಿಲಿಸುತ್ತವೆ. ಪಾಲಮೂರು ಸೀಮೆಯಲ್ಲಿ ಸೇಂದಿಗೆ ಅಲ್ಪ್ರಜೋಲಂ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಆದರೆ ನಿತ್ಯ ಅದನ್ನು ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರನ್ನು ಕೇಳಿಯೇ ಬಿಡಿಸಿ.

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಎಷ್ಟೋ ಮಂದಿಗೆ ಅನುಕೂಲ. ಕಾಯಿಲೆ ಬಲಿತವರಿಗೆ ಮೂಗಿನ ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವಿದೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಅದನ್ನು ಲೋಕಕ್ಕೆ ತೋರಿಸಿದರು. ನಿದ್ದೆಯ ಪರೀಕ್ಷೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಆಗುತ್ತದೆ. ಮಲಗಿದವನಿಗೆ ತನ್ನ ಗೊರಕೆ ಗೊತ್ತಾಗದು. ಆದ್ದರಿಂದ ತಾಯಂದಿರೇ, ಒಂದು ರಾತ್ರಿ ಎಚ್ಚರವಿದ್ದು ಉಸಿರು ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಿ, ಫೋನಿನಲ್ಲಿ ಸದ್ದು ಹಿಡಿದು ವೈದ್ಯರಿಗೆ ಕೇಳಿಸಿ.