ಕೇಂದ್ರವಿಲ್ಲದ ಕಡತಭಂಡಾರ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಮೊದಮೊದಲು ಹೇಳಿಕೊಡುವ ನಿಯಮಗಳಲ್ಲಿ ಇದೂ ಒಂದು: ತಪ್ಪಾಗಿ ಬರೆದ ಅಳತೆಯನ್ನು ಉಜ್ಜಿ ಅಳಿಸಬಾರದು, ಅದರ ಮೇಲೆ ಒಂದು ಗೆರೆಯೆಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಹಿಂದೆ ಏನಿತ್ತು, ಅದು ಯಾವಾಗ ಬದಲಾಯಿತು ಎಂಬುದೂ ದಾಖಲೆಯ ಒಂದು ಅಂಗವೇ ಆಗಿದೆ. ಗಣಕಯಂತ್ರದ ಕಡತಕ್ಕೆ ಈ ಗುಣ ಸಹಜವಾಗಿ ಇಲ್ಲ. ಹೊಸ ಬರಹವನ್ನು ಉಳಿಸಿದೊಡನೆ ಹಳೆಯದು ಗುರುತು ಸಹ ಇಲ್ಲದಂತೆ ಮಾಯವಾಗುತ್ತದೆ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಒಂದೇ ಕಡತದ ಪ್ರತಿಗಳು ಮನೆಯ ಯಂತ್ರದಲ್ಲಿ ಒಂದು, ಕಾಲೇಜಿನ ಯಂತ್ರದಲ್ಲಿ ಒಂದು, ಜೇಬಿನ ಪೆನ್ ಡ್ರೈವಿನಲ್ಲಿ ಒಂದು ಎಂಬಂತೆ ಹರಡಿಕೊಂಡಿರುತ್ತವೆ. ಸ್ವಲ್ಪ ದಿನಗಳಲ್ಲಿ ಮೂರೂ ಮೂರು ಬಗೆಯಾಗುತ್ತವೆ. ಅವುಗಳಲ್ಲಿ ಹೊಸದು ಯಾವುದು? ಅದಕ್ಕಿಂತ ಮುಖ್ಯವಾಗಿ, ಕೆಡದೆ ಉಳಿದಿರುವುದು ಯಾವುದು? ಈ ಪ್ರಶ್ನೆಗಳಿಗೆ ಉತ್ತರವಾಗಿ ಬೆಳೆದ ವಿದ್ಯೆಗೆ ಆವೃತ್ತಿ ನಿಯಂತ್ರಣವೆಂದು ಹೆಸರು.

ಒಂದೇ ಕೇಂದ್ರದ ಪದ್ಧತಿ

ಈ ಬಗೆಯ ಮೊದಲ ಸಾಧನಗಳಲ್ಲಿ ಒಂದನ್ನು 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮಾರ್ಕ್ ರಾಕ್‌ಕೈಂಡ್ ರಚಿಸಿದರು. ಮುಂದೆ ಬಂದ ಸಿವಿಎಸ್, 2000ದಲ್ಲಿ ಆರಂಭವಾದ ಸಬ್‌ವರ್ಷನ್ ಮೊದಲಾದವುಗಳಲ್ಲಿ ಎಲ್ಲ ಆವೃತ್ತಿಗಳನ್ನೂ ಒಂದು ಕೇಂದ್ರಯಂತ್ರದಲ್ಲಿ ಇಡುವ ಏರ್ಪಾಡಿತ್ತು. ಊರಿಗೊಂದೇ ಗ್ರಂಥಭಂಡಾರವಿದ್ದಂತೆ ಇದು. ಕೆಲಸ ಮಾಡುವವರ ಬಳಿ ಆಯಾ ಹೊತ್ತಿನ ಪ್ರತಿ ಮಾತ್ರ ಇರುತ್ತದೆ. ಹಿಂದಿನ ಚರಿತ್ರೆಯೆಲ್ಲ ಕೇಂದ್ರದಲ್ಲಿ. ಸಂಪರ್ಕ ಕಡಿದಾಗ ಹೊಸ ಬದಲಾವಣೆಯನ್ನು ದಾಖಲಿಸಲಾಗದು. ಕೇಂದ್ರವೇ ನಾಶವಾದರೆ, ಬೇರೆಡೆ ನಕಲು ತೆಗೆದಿಡದಿದ್ದ ಪಕ್ಷದಲ್ಲಿ, ಚರಿತ್ರೆಯೂ ನಾಶವಾದಂತೆ.

ಇದಕ್ಕೆ ಪ್ರತಿಯಾದುದು ವಿಕೇಂದ್ರಿತ ಪದ್ಧತಿ. ಇದರಲ್ಲಿ ಪ್ರತಿಯೊಬ್ಬನ ಯಂತ್ರದಲ್ಲಿಯೂ ಸಂಪೂರ್ಣ ಭಂಡಾರವಿರುತ್ತದೆ. ಇವುಗಳಲ್ಲಿ ಇಂದು ಹೆಚ್ಚು ಪ್ರಸಿದ್ಧವಾಗಿರುವ ಗಿಟ್ ಹುಟ್ಟಿದುದು ಒಂದು ಇಕ್ಕಟ್ಟಿನಲ್ಲಿ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬೆಳೆಸುತ್ತಿದ್ದವರು 2002ರಿಂದ ಬಿಟ್‌ಕೀಪರ್ ಎಂಬ ಸಾಧನವನ್ನು ಬಳಸುತ್ತಿದ್ದರು. 2005ರಲ್ಲಿ ಅದನ್ನು ಉಚಿತವಾಗಿ ಬಳಸುವ ಅನುಮತಿ ನಿಂತುಹೋಯಿತು. ಆಗ ಲೀನಸ್ ಟೊರ್ವಾಲ್ಡ್ಸ್ ಏಪ್ರಿಲ್ ತಿಂಗಳ ಆರಂಭದಲ್ಲಿ ಗಿಟ್ಟನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಅದು ತನ್ನ ಸ್ವಂತ ಚರಿತ್ರೆಯನ್ನು ತಾನೇ ದಾಖಲಿಸುವಷ್ಟು ಬೆಳೆಯಿತು. ಅದೇ ತಿಂಗಳಲ್ಲಿ ಮ್ಯಾಟ್ ಮ್ಯಾಕಲ್ ಅವರು ಮರ್ಕ್ಯುರಿಯಲ್ ಎಂಬ ಇನ್ನೊಂದು ವಿಕೇಂದ್ರಿತ ಸಾಧನವನ್ನು ಹೊರತಂದರು.

ವಸ್ತುವಿನಿಂದಲೇ ಹೆಸರು

ಕೇಂದ್ರವಿಲ್ಲದಿದ್ದರೆ ಪ್ರತಿಯೊಂದು ಆವೃತ್ತಿಗೂ ಕ್ರಮಸಂಖ್ಯೆ ಕೊಡುವವರು ಯಾರು? ಇಬ್ಬರು ಬೇರೆಬೇರೆ ಕಡೆ ಕುಳಿತು ತಮ್ಮ ತಮ್ಮ ಆವೃತ್ತಿಗೆ 57 ಎಂದು ಹೆಸರಿಟ್ಟರೆ ಗೊಂದಲವಾಗದೆ? ಗಿಟ್ ಇದನ್ನು ಪರಿಹರಿಸುವ ಕ್ರಮ ಸೊಗಸಾದುದು. ಅದು ಹೆಸರನ್ನು ಹೊರಗಿನಿಂದ ಕೊಡುವುದೇ ಇಲ್ಲ. ಕಡತದೊಳಗಿನ ಬರಹದಿಂದಲೇ ಲೆಕ್ಕಹಾಕಿ ಪಡೆಯುತ್ತದೆ. ಈ ಲೆಕ್ಕಕ್ಕೆ ಹ್ಯಾಶ್ ಎನ್ನುತ್ತಾರೆ. ಗಿಟ್‌ನಲ್ಲಿ ಮೊದಲಿನಿಂದ ಬಳಕೆಯಲ್ಲಿರುವ ಎಸ್‌ಎಚ್‌ಎ-1 ಎಂಬ ಹ್ಯಾಶ್, ಕಡತ ಎಷ್ಟೇ ದೊಡ್ಡದಿರಲಿ, 160 ದ್ವಿಮಾನ ಅಂಕಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು 40 ಚಿಹ್ನೆಗಳಲ್ಲಿ ಬರೆಯುವರು. ಏನನ್ನೂ ಬರೆಯದ ಖಾಲಿ ಕಡತಕ್ಕೆ ಈ ಲೆಕ್ಕದಂತೆ ಬರುವ ಹೆಸರು 'ಇ69ಡಿಇ29' ಎಂದು ಆರಂಭವಾಗುತ್ತದೆ. ಮೈಸೂರಿನ ಯಂತ್ರವಾಗಲಿ, ಮಾಸ್ಕೋವಿನ ಯಂತ್ರವಾಗಲಿ, ಯಾರನ್ನೂ ಕೇಳದೆ ಇದೇ ಉತ್ತರಕ್ಕೆ ಬರುವುದು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಹೆಸರು ಪೂರ್ತಿಯಾಗಿ ಬೇರೆಯಾಗುತ್ತದೆ.

ಇಂಥ ಹೆಸರುಗಳು ಎಷ್ಟು ಸಾಧ್ಯ? 2ನ್ನು 160 ಸಲ ಗುಣಿಸಿದಷ್ಟು; ಅಂದರೆ 1ರ ಮುಂದೆ 48 ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತಲೂ ಅಧಿಕ. ಆದುದರಿಂದ ಎರಡು ಭಿನ್ನ ಕಡತಗಳಿಗೆ ಅಕಸ್ಮಾತ್ತಾಗಿ ಒಂದೇ ಹೆಸರು ಬರುವುದೆಂಬ ಭಯವಿಲ್ಲ. ಉದ್ದೇಶಪೂರ್ವಕವಾಗಿ ಹಾಗೆ ಮಾಡುವುದು ಬೇರೆ ಮಾತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸಂಸ್ಥೆಯ ಸಂಶೋಧಕರು ಅಪಾರ ಗಣನೆ ನಡೆಸಿ, ಒಂದೇ ಹ್ಯಾಶ್ ಉಳ್ಳ ಎರಡು ಭಿನ್ನ ಕಡತಗಳನ್ನು ನಿರ್ಮಿಸಿ ತೋರಿಸಿದರು. ಅಂದಿನಿಂದ ಗಿಟ್ ಇಂಥ ಮೋಸವನ್ನು ಪತ್ತೆಹಚ್ಚುವ ಕ್ರಮವನ್ನು ಅಳವಡಿಸಿಕೊಂಡಿದೆ. 256 ಅಂಕಗಳ ಹ್ಯಾಶನ್ನು ಬಳಸುವ ಅವಕಾಶವೂ ಈಗ ಉಂಟು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒಂದು ಆವೃತ್ತಿಯನ್ನು ದಾಖಲಿಸುವಾಗ ಗಿಟ್ ಎಲ್ಲ ಕಡತಗಳ ಹ್ಯಾಶ್‌ಗಳನ್ನು ಪಟ್ಟಿಮಾಡಿ, ಆ ಪಟ್ಟಿಗೂ ಒಂದು ಹ್ಯಾಶ್ ಪಡೆಯುತ್ತದೆ. ಅದರೊಡನೆ ಬರೆದವನ ಹೆಸರು, ಕಾಲ ಮತ್ತು ಹಿಂದಿನ ಆವೃತ್ತಿಯ ಹ್ಯಾಶ್ ಇವನ್ನು ಸೇರಿಸಿ ಹೊಸ ಆವೃತ್ತಿಗೆ ಹೆಸರು ಕೊಡುತ್ತದೆ. ಹೀಗೆ ಪ್ರತಿಯೊಂದು ಕೊಂಡಿಯೂ ಹಿಂದಿನದನ್ನು ಬಿಗಿಹಿಡಿದಿರುತ್ತದೆ. ಹತ್ತು ವರ್ಷಗಳ ಹಿಂದಿನ ಒಂದು ಅಲ್ಪವಿರಾಮವನ್ನು ತಿದ್ದಿದರೂ ಅಲ್ಲಿಂದ ಈಚಿನ ಎಲ್ಲ ಹೆಸರುಗಳೂ ಬದಲಾಗಲೇಬೇಕು. ಕೊನೆಯ ಹೆಸರೊಂದನ್ನು ತಿಳಿದಿದ್ದರೆ ಚರಿತ್ರೆಯನ್ನೆಲ್ಲ ಪರೀಕ್ಷಿಸಬಹುದು.

ಕವಲು ಮತ್ತು ಸಂಗಮ

ಮನೆಯಲ್ಲಿ ಕಡತದ ಹತ್ತನೆಯ ಸಾಲನ್ನು, ಕಾಲೇಜಿನಲ್ಲಿ ಅದರ ನಲವತ್ತನೆಯ ಸಾಲನ್ನು ತಿದ್ದಿದೆವೆನ್ನೋಣ. ಎರಡು ಪ್ರತಿಗಳನ್ನು ಮಾತ್ರ ಎದುರಿಗಿಟ್ಟು ನೋಡಿದರೆ ಹತ್ತನೆಯ ಸಾಲಿನಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯದು. ಆದರೆ ಚರಿತ್ರೆ ಇರುವುದರಿಂದ ಎರಡಕ್ಕೂ ಮೂಲವಾದ ಮೂರನೆಯ ಪ್ರತಿಯನ್ನು ಗಿಟ್ ಹುಡುಕುತ್ತದೆ. ಮೂಲಕ್ಕೆ ಹೋಲಿಸಿದಾಗ ಯಾರು ಯಾವ ಸಾಲನ್ನು ತಿದ್ದಿದರೆಂಬುದು ಸ್ಪಷ್ಟವಾಗಿ, ಎರಡು ತಿದ್ದುಪಡಿಗಳೂ ಹೊಸ ಪ್ರತಿಯಲ್ಲಿ ಸೇರುತ್ತವೆ. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಯಂತ್ರ ತೀರ್ಪು ಕೊಡುವುದಿಲ್ಲ. ಎರಡನ್ನೂ ಮುಂದಿಟ್ಟು ನಿರ್ಧಾರವನ್ನು ಮನುಷ್ಯನಿಗೆ ಬಿಡುತ್ತದೆ.

ಎರಡು ಘಟನೆಗಳು

ಈ ತತ್ತ್ವಗಳ ಬೆಲೆ ತಿಳಿದುಬಂದುದು 2011ರಲ್ಲಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ, ಲಿನಕ್ಸ್ ತಿರುಳನ್ನು ವಿತರಿಸುವ ಕೇಂದ್ರಯಂತ್ರಗಳಿಗೆ ದುಷ್ಕರ್ಮಿಗಳು ನುಗ್ಗಿದ್ದರೆಂಬುದು ಪತ್ತೆಯಾಯಿತು. ಸುಮಾರು 40,000 ಕಡತಗಳಲ್ಲಿ ಯಾವುದಾದರೊಂದಕ್ಕೆ ಅವರು ಕೇಡಿನ ಸಾಲೊಂದನ್ನು ಸೇರಿಸಿದ್ದರೆ? ಆದರೆ ಹ್ಯಾಶ್‌ನ ಸರಪಳಿಯಿದ್ದುದರಿಂದ ಅಂಥ ತಿದ್ದುಪಡಿ ಗುಟ್ಟಾಗಿ ಉಳಿಯುವಂತಿರಲಿಲ್ಲ. ಸಾವಿರಾರು ಜನರ ಯಂತ್ರಗಳಲ್ಲಿ ಪೂರ್ಣ ಚರಿತ್ರೆಯ ಪ್ರತಿಗಳಿದ್ದು, ಅವುಗಳೊಡನೆ ಹೋಲಿಸಿದೊಡನೆ ವ್ಯತ್ಯಾಸ ಹೊರಬೀಳುತ್ತಿತ್ತು. ಕೇಂದ್ರ ಮುಚ್ಚಿದ್ದ ದಿನಗಳಲ್ಲಿ ಟೊರ್ವಾಲ್ಡ್ಸ್ ತಮ್ಮ ಭಂಡಾರವನ್ನು ಬೇರೊಂದು ತಾಣದಲ್ಲಿಟ್ಟು ಕೆಲಸವನ್ನು ಮುಂದುವರಿಸಿದರು.

ಎರಡನೆಯ ಘಟನೆ ಎಚ್ಚರಿಕೆಯದು. 2013ರ ಮಾರ್ಚಿಯಲ್ಲಿ ಕೆಡಿಇ ಎಂಬ ತಂತ್ರಾಂಶ ಸಮುದಾಯದ ಮುಖ್ಯ ಗಿಟ್ ಯಂತ್ರದಲ್ಲಿ ಕಡತವ್ಯವಸ್ಥೆ ಕೆಟ್ಟಿತು. ಅಲ್ಲಿ ಸುಮಾರು 1,500 ಭಂಡಾರಗಳಿದ್ದವು. ಅದನ್ನು ಅನುಕರಿಸಲೆಂದೇ ಇದ್ದ ಯಂತ್ರಗಳು ಕೆಟ್ಟ ಪಟ್ಟಿಯನ್ನೇ ನಂಬಿ, ತಮ್ಮಲ್ಲಿದ್ದ ಭಂಡಾರಗಳನ್ನೂ ಅಳಿಸಿಹಾಕಿದವು. ಒಂದು ಯಂತ್ರದಲ್ಲಿ ಹಾನಿಗೆ ಮುಂಚಿನ ಪ್ರತಿ ಉಳಿದಿದ್ದುದರಿಂದ ಭಾರಿ ನಷ್ಟ ತಪ್ಪಿತು. ಕನ್ನಡಿ ತನ್ನ ಮುಂದಿರುವುದನ್ನು ಮಾತ್ರ ತೋರಿಸುತ್ತದೆ. ಎದುರಿನ ವಸ್ತು ಹೋದರೆ ಬಿಂಬವೂ ಹೋಗುತ್ತದೆ. ಪ್ರತಿಗಳು ಅನೇಕವಿದ್ದರೆ ಸಾಲದು. ಅವು ಪರಸ್ಪರ ಸ್ವತಂತ್ರವಾಗಿರಬೇಕು, ಕಾಲಕಾಲಕ್ಕೆ ಪರೀಕ್ಷೆಗೂ ಒಳಪಡಬೇಕು.

ನಮ್ಮ ಯಂತ್ರಗಳಲ್ಲಿ

ಇದೆಲ್ಲ ದೊಡ್ಡ ತಂಡಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಲಿನಕ್ಸ್ ಯಂತ್ರ ಹೇಗೆ ನಡೆಯಬೇಕೆಂಬ ಸೂಚನೆಗಳು ಬಹುಮಟ್ಟಿಗೆ ಸಾಮಾನ್ಯ ಬರಹದ ಕಡತಗಳಲ್ಲಿದ್ದು, 'ಎಟ್ಸಿ' ಎಂಬ ಕೋಶದಲ್ಲಿ ಸಂಗ್ರಹವಾಗಿರುತ್ತವೆ. ಒಂದು ಸಾಲು ತಪ್ಪಿದರೆ ಯಂತ್ರ ಏಳದೆಯೇ ಹೋಗಬಹುದು. ಜೋಯಿ ಹೆಸ್ ಎಂಬವರು ರಚಿಸಿದ ಎಟ್ಸಿಕೀಪರ್ ಎಂಬ ಸಾಧನ ಈ ಕೋಶವನ್ನು ಗಿಟ್ ಭಂಡಾರದಲ್ಲಿಟ್ಟು, ಹೊಸ ತಂತ್ರಾಂಶ ಸೇರಿದಾಗಲೆಲ್ಲ ಬದಲಾವಣೆಯನ್ನು ದಾಖಲಿಸುತ್ತದೆ. ನಿನ್ನೆ ನೆಟ್ಟಗಿದ್ದುದು ಇಂದು ಏಕೆ ಕೆಟ್ಟಿತೆಂಬುದಕ್ಕೆ ಆಗ ಉತ್ತರ ದೊರೆಯುತ್ತದೆ.

ಚಿತ್ರ, ಧ್ವನಿ ಮುಂತಾದ ಭಾರಿ ಕಡತಗಳಿಗೆ ಗಿಟ್ ಅಷ್ಟು ಅನುಕೂಲವಲ್ಲ. ಅವುಗಳ ಎಲ್ಲ ಆವೃತ್ತಿಗಳನ್ನೂ ಪ್ರತಿ ಯಂತ್ರವೂ ಹೊರಬೇಕಾಗುತ್ತದೆ. ಇದಕ್ಕಾಗಿ ಹೆಸ್ ಅವರೇ 2010ರಲ್ಲಿ ಗಿಟ್-ಅನೆಕ್ಸ್ ಎಂಬುದನ್ನು ಹೊರತಂದರು. ಅದು ಕಡತದ ಗುರುತನ್ನು ಮಾತ್ರ ಗಿಟ್‌ನಲ್ಲಿಟ್ಟು, ಕಡತ ಯಾವ ಯಾವ ಡಿಸ್ಕ್‌ನಲ್ಲಿದೆ ಎಂಬುದರ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ಎರಡು ಪ್ರತಿಗಳಾದರೂ ಇರಲೇಬೇಕೆಂದು ನಾವು ವಿಧಿಸಿದ್ದರೆ, ಬೇರೆಡೆ ಅಷ್ಟು ಪ್ರತಿಗಳಿವೆಯೆಂದು ಖಚಿತವಾಗುವ ತನಕ ಇಲ್ಲಿರುವುದನ್ನು ತೆಗೆಯಲು ಅದು ಒಪ್ಪುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಗುಪ್ತಪದಗಳನ್ನು ಇಂಥ ಭಂಡಾರಕ್ಕೆ ಸೇರಿಸಬಾರದು. ಮುಂದಿನ ಆವೃತ್ತಿಯಲ್ಲಿ ತೆಗೆದುಹಾಕಿದರೂ ಅವು ಚರಿತ್ರೆಯಲ್ಲಿ ಉಳಿದು, ಪ್ರತಿ ಪಡೆದವರೆಲ್ಲರ ಕೈಸೇರುತ್ತವೆ.

ಆಸಕ್ತ ವಿದ್ಯಾರ್ಥಿಗಳು ಈ ವರ್ಷದ ಪ್ರಯೋಗಗಳ ಅಳತೆಗಳನ್ನು ಸಾಮಾನ್ಯ ಬರಹದ ಕಡತದಲ್ಲಿ ಬರೆದು, ಗಿಟ್ ಭಂಡಾರವೊಂದರಲ್ಲಿ ಇಡಬಹುದು. ದಿನದ ಕೆಲಸ ಮುಗಿದೊಡನೆ ದಾಖಲಿಸಿ, ಗೆಳೆಯನ ಯಂತ್ರಕ್ಕೆ ಒಂದು ಪ್ರತಿಯನ್ನು ಕಳುಹಿಸಿರಿ. ತಿಂಗಳಿಗೊಮ್ಮೆ ಎರಡು ಯಂತ್ರಗಳ ಕೊನೆಯ ಹೆಸರುಗಳನ್ನು ಹೋಲಿಸಿ ನೋಡಿರಿ. ನಲವತ್ತು ಚಿಹ್ನೆಗಳೂ ತಾಳೆಯಾದರೆ ಇಬ್ಬರೂ ದಾಖಲಿಸಿರುವುದು ಒಂದೇ ಚರಿತ್ರೆಯನ್ನು. ಜೊತೆಗೆ, ಭಂಡಾರವನ್ನು ಪೂರ್ತಿಯಾಗಿ ಪರೀಕ್ಷಿಸಲು ಗಿಟ್‌ನಲ್ಲಿರುವ ಆಜ್ಞೆಯನ್ನು ಎರಡೂ ಕಡೆ ನಡೆಸಿದರೆ, ಡಿಸ್ಕ್‌ನಲ್ಲಿರುವ ಬರಹವೂ ಕೆಟ್ಟಿಲ್ಲವೆಂಬುದು ದೃಢಪಡುತ್ತದೆ.